ಮನೆಮಂದಿಯೇ ತಾರಾಗಣ

1956ರಲ್ಲಿ ಅಮೆರಿಕದ 3ಎಂ ಕಂಪನಿ ತನ್ನ ‘ಸ್ಕಾಚ್’ ಟೇಪಿನ ಪ್ರಚಾರಕ್ಕೆಂದು ಒಂದು ಸ್ಪರ್ಧೆ ಇಟ್ಟಿತು. ಈ ಟೇಪು ನಿಮಗೆ ಯಾಕಿಷ್ಟ, ಬರೆದು ಕಳಿಸಿ. ಗೆದ್ದ 25 ಕುಟುಂಬಗಳಿಗೆ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿಗೆ ಪುಕ್ಕಟೆ ಪ್ರವಾಸ. ಡಿಸ್ನಿಲ್ಯಾಂಡ್ ಬಾಗಿಲು ತೆರೆದು ಆಗಿನ್ನೂ ಒಂದು ವರ್ಷ. ದೇಶದ ಇನ್ನೊಂದು ತುದಿಯಲ್ಲಿ, ಕನೆಕ್ಟಿಕಟ್ ರಾಜ್ಯದ ವೆದರ್ಸ್‌ಫೀಲ್ಡ್ ಎಂಬ ಊರಿನ ರಾಬಿನ್ಸ್ ಬಾರ್‌ಸ್ಟೊ ಅವರ ಮನೆಯಿಂದಲೂ ಉತ್ತರ ಹೋಯಿತು. ಮನೆಯಲ್ಲಿ ಗಂಡ, ಹೆಂಡತಿ, ಮೂವರು ಮಕ್ಕಳು. ಗೆದ್ದದ್ದು ನಾಲ್ಕು ವರ್ಷದ ಡ್ಯಾನಿ. ಏನಾದರೂ ಹರಿದರೆ ಇದನ್ನು ಹಚ್ಚಿದರಾಯಿತು, ಅದಕ್ಕೇ ಇಷ್ಟ ಎಂಬುದಷ್ಟೇ ಅವನ ವಾದ. ದೊಡ್ಡವರು ಎಷ್ಟು ತಲೆ ಕೆರೆದುಕೊಂಡರೂ ಇಷ್ಟು ನೇರವಾಗಿ ಬರೆಯುತ್ತಿರಲಿಲ್ಲ.

ಇಂಥ ಸುದ್ದಿ ಬಂದರೆ ಬೇರೆ ಮನೆಯವರು ಪೆಟ್ಟಿಗೆ ಕಟ್ಟಲು ಕೂರುತ್ತಾರೆ. ಬಾರ್‌ಸ್ಟೊ ಕ್ಯಾಮೆರಾ ತೆಗೆದರು. ಪ್ರವಾಸವನ್ನಷ್ಟೇ ಅಲ್ಲ, ಪ್ರವಾಸಕ್ಕೆ ಮುಂಚಿನದನ್ನೂ, ಅಂದರೆ ಸ್ಪರ್ಧೆಗೆ ಬರೆದದ್ದು, ಗೆದ್ದ ಸುದ್ದಿ ಬಂದದ್ದು, ಎಲ್ಲವನ್ನೂ ಮನೆಯವರಿಂದಲೇ ಮತ್ತೆ ಆಡಿಸಿ ಚಿತ್ರೀಕರಿಸಿದರು. ಹೀಗೆ ಆದದ್ದು ‘ಡಿಸ್ನಿಲ್ಯಾಂಡ್ ಡ್ರೀಮ್’, ಅರ್ಧ ಗಂಟೆಗೆ ಸ್ವಲ್ಪ ಮೀರಿದ 16 ಮಿ.ಮೀ. ಬಣ್ಣದ ಚಿತ್ರ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2008ರಲ್ಲಿ ತನ್ನ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಆರಿಸಿಕೊಂಡ 25 ಚಿತ್ರಗಳಲ್ಲಿ ಇದೂ ಒಂದು. ಅದೇ ಪಟ್ಟಿಯಲ್ಲಿ ‘ದಿ ಟರ್ಮಿನೇಟರ್’ ಕೂಡ ಇತ್ತು.

ಬಾರ್‌ಸ್ಟೊ ಅವರಿಗೆ ಆಗ 89 ವರ್ಷ. ಹುಡುಗನಾಗಿದ್ದಾಗ ಹಿಡಿದ ಕ್ಯಾಮೆರಾವನ್ನು ಅವರು ಎಪ್ಪತ್ತಕ್ಕೂ ಹೆಚ್ಚು ವರ್ಷ ಕೆಳಗಿಡಲಿಲ್ಲ. ಅದರಿಂದ ಹೊಟ್ಟೆ ಹೊರೆದುಕೊಂಡವರೂ ಅಲ್ಲ. ಸಂಬಳ ಬರುತ್ತಿದ್ದದ್ದು ಕನೆಕ್ಟಿಕಟ್ ಶಿಕ್ಷಕರ ಸಂಘಟನೆಯ ಕೆಲಸದಿಂದ. ಸಿನಿಮಾ ಸಂಜೆಯ, ಭಾನುವಾರದ, ರಜೆಯ ಸಂಗತಿ.

ಹಾರ್ಟ್‌ಫರ್ಡ್ ನಗರದ ಮಗ್ಗುಲಿಗೇ ವೆದರ್ಸ್‌ಫೀಲ್ಡ್. ಹವ್ಯಾಸಿ ಸಿನಿಮಾದ ಚರಿತ್ರೆಯಲ್ಲಿ ಹಾರ್ಟ್‌ಫರ್ಡಿಗೆ ಒಂದು ಸ್ಥಾನವಿದೆ, ಅದು ಹೈರಮ್ ಪರ್ಸಿ ಮ್ಯಾಕ್ಸಿಮ್ ಅವರ ಊರಾದ್ದರಿಂದ. ಇವರ ತಂದೆ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್ ಲೋಕಕ್ಕೆ ಮೆಷಿನ್‌ಗನ್ ಕೊಟ್ಟವರು. ಮಗ ಬಂದೂಕಿನ ಸದ್ದಡಗಿಸುವ ಸೈಲೆನ್ಸರ್ ಕಂಡುಹಿಡಿದರು. ಅಪ್ಪ ಎಬ್ಬಿಸಿದ ಗದ್ದಲಕ್ಕೆ ಮಗ ಮುಚ್ಚಳ ಹುಡುಕಿದನೇನೋ ಎಂದು ನಗಬಹುದು, ಆದರೆ ಮಗನ ನಿಜವಾದ ಹುಚ್ಚು ಬೇರೆಯೇ ಇತ್ತು: ಹವ್ಯಾಸಿಗಳನ್ನು ಒಟ್ಟುಗೂಡಿಸುವುದು. 1914ರಲ್ಲಿ ಹ್ಯಾಮ್ ರೇಡಿಯೊದವರನ್ನು ಸೇರಿಸಿ ಅಮೆರಿಕನ್ ರೇಡಿಯೊ ರಿಲೇ ಲೀಗ್ ಕಟ್ಟಿದರು. 1926ರಲ್ಲಿ ಮನೆಯಲ್ಲಿ ಸಿನಿಮಾ ತೆಗೆಯುವವರನ್ನು ಸೇರಿಸಿ ಅಮೆಚೂರ್ ಸಿನಿಮಾ ಲೀಗ್ ಕಟ್ಟಿದರು. ಆ ವರ್ಷದ ಡಿಸೆಂಬರಿನಲ್ಲೇ ಲೀಗಿನ ಪತ್ರಿಕೆಯೂ ಹೊರಟಿತು. ಮುಂದೆ ಅದು ‘ಮೂವಿ ಮೇಕರ್ಸ್’ ಎಂದು ಹೆಸರಾಯಿತು. 1930ರಿಂದ ವರ್ಷದ ಹತ್ತು ಉತ್ತಮ ಹವ್ಯಾಸಿ ಚಿತ್ರಗಳನ್ನು ಆರಿಸುವ ಪದ್ಧತಿ ಶುರುವಾಯಿತು.

ಕನ್ನಡದ ಓದುಗರಿಗೆ ಈ ಲೋಕ ತೀರ ಅಪರಿಚಿತವೇನಲ್ಲ. ನಮ್ಮಲ್ಲಿ ಗುಬ್ಬಿ ಕಂಪನಿಯಂಥ ವೃತ್ತಿ ನಾಟಕ ಮಂಡಳಿಗಳು ಒಂದು ಕಡೆ, 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಮೆಚೂರ್ ಡ್ರಾಮ್ಯಾಟಿಕ್ ಅಸೋಸಿಯೇಷನ್‌ನಂಥ ಕೂಟಗಳು ಇನ್ನೊಂದು ಕಡೆ ಇದ್ದವಲ್ಲ, ಹಾಗೇ ಅಲ್ಲಿ ಹಾಲಿವುಡ್ ಒಂದು ಕಡೆ, ಈ ಲೀಗು ಇನ್ನೊಂದು ಕಡೆ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ನಾಟಕ ಆಡಲು ಉತ್ಸಾಹವಿದ್ದರೆ ನಡೆಯುತ್ತಿತ್ತು. ಸಿನಿಮಾಕ್ಕೆ ಯಂತ್ರ ಬೇಕು, ಫಿಲ್ಮ್ ಬೇಕು, ದುಡ್ಡು ಬೇಕು.

ಆ ಯಂತ್ರ ಮನೆಗೆ ಬಂದದ್ದು 1920ರ ದಶಕದಲ್ಲಿ. ಅದಕ್ಕೆ ಮೊದಲು ಸಿನಿಮಾ ಅಂದರೆ 35 ಮಿ.ಮೀ., ಅದೂ ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುವ ನೈಟ್ರೇಟ್ ಫಿಲ್ಮ್. ಅದನ್ನು ಮಕ್ಕಳಿರುವ ಮನೆಯಲ್ಲಿ ಇಟ್ಟುಕೊಳ್ಳುವುದು ಸೀಮೆಎಣ್ಣೆ ಡಬ್ಬಿಯ ಪಕ್ಕ ಮಲಗಿದಷ್ಟೇ ಅಪಾಯ. 1922ರಲ್ಲಿ ಫ್ರಾನ್ಸಿನ ಪಾಥೆ ಕಂಪನಿ 9.5 ಮಿ.ಮೀ. ಅಗಲದ, ನಡುವೆ ಒಂದೇ ಸಾಲು ತೂತುಗಳಿರುವ ಫಿಲ್ಮನ್ನು ತಂದಿತು. 1923ರಲ್ಲಿ ಕೊಡಕ್ 16 ಮಿ.ಮೀ. ತಂದಿತು. ಎರಡೂ ಉರಿದುಬೀಳದ ಅಸಿಟೇಟ್ ಫಿಲ್ಮುಗಳು. ಕೊಡಕ್‌ನ ಕ್ಯಾಮೆರಾ, ಪ್ರೊಜೆಕ್ಟರ್, ಸ್ಟ್ಯಾಂಡು, ಪರದೆ ಎಲ್ಲ ಸೇರಿ 335 ಡಾಲರ್, ಆ ಕಾಲಕ್ಕೆ ಕೂಲಿಕಾರನ ಕನಸಿಗೂ ನಿಲುಕದ ಬೆಲೆ. ಆರ್ಥಿಕ ಕುಸಿತದ ಕಾಲದಲ್ಲಿ, 1932ರಲ್ಲಿ, 8 ಮಿ.ಮೀ. ಬಂದ ಮೇಲೆ ಖರ್ಚು ಇಳಿಯಿತು. 16 ಮಿ.ಮೀ. ಅಗಲದ ಪಟ್ಟಿಯನ್ನೇ ಒಮ್ಮೆ ಈ ಅಂಚಿನಲ್ಲಿ, ಮಗುಚಿ ಹಾಕಿ ಇನ್ನೊಮ್ಮೆ ಆ ಅಂಚಿನಲ್ಲಿ ಓಡಿಸಿ, ತೊಳೆದ ಮೇಲೆ ನಡುವೆ ಸೀಳಿ ಜೋಡಿಸುವ ಮಿತವ್ಯಯದ ಉಪಾಯ ಅದು. 1935ರಲ್ಲಿ ಕೊಡಕ್ರೋಮ್ ಬಂತು, ಅದರೊಂದಿಗೆ ಬಣ್ಣ. ಅದನ್ನು ಕಂಡುಹಿಡಿದ ಲಿಯೊಪೋಲ್ಡ್ ಮ್ಯಾನ್ಸ್, ಲಿಯೊಪೋಲ್ಡ್ ಗೊಡೊವ್‌ಸ್ಕಿ ಇಬ್ಬರೂ ಸಂಗೀತಗಾರರು, ರಸಾಯನಶಾಸ್ತ್ರ ಅವರ ಹವ್ಯಾಸವಾಗಿತ್ತು.

ಈ ಫಿಲ್ಮಿನ ಒಂದು ಗುಣವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಸ್ಟುಡಿಯೊ ಸಿನಿಮಾಕ್ಕೆ ನೆಗೆಟಿವ್ ಇರುತ್ತದೆ, ಅದರಿಂದ ಎಷ್ಟು ಬೇಕಾದರೂ ಪ್ರತಿ ತೆಗೆಯಬಹುದು. ಮನೆ ಸಿನಿಮಾದ ಫಿಲ್ಮ್ ಹಾಗಲ್ಲ. ಕ್ಯಾಮೆರಾದೊಳಗೆ ಓಡಿದ ಪಟ್ಟಿಯೇ ತೊಳೆದ ಮೇಲೆ ನೇರ ಚಿತ್ರವಾಗಿ ಪ್ರೊಜೆಕ್ಟರಿಗೆ ಏರುತ್ತದೆ. ಒಂದೇ ಪ್ರತಿ. ಹಬ್ಬಕ್ಕೊಮ್ಮೆ ನೆಂಟರಿಗೆ ತೋರಿಸಿದಾಗಲೆಲ್ಲ ಒಂದೊಂದು ಗೀರು ಬೀಳುತ್ತದೆ. ನೂರು ಅಡಿಯ 16 ಮಿ.ಮೀ. ಸುರುಳಿಯಲ್ಲಿ 4000 ಚೌಕಟ್ಟು. ಸೆಕೆಂಡಿಗೆ ಹದಿನಾರರಂತೆ ಓಡಿಸಿದರೆ ನಾಲ್ಕು ನಿಮಿಷ ಚಿಲ್ಲರೆ. ಕ್ಯಾಮೆರಾಕ್ಕೆ ಗಡಿಯಾರದಂತೆ ಕೀಲಿ ಕೊಡಬೇಕು. ಒಮ್ಮೆ ಕೊಟ್ಟರೆ ಅರ್ಧ ನಿಮಿಷದ ಆಸುಪಾಸು ನಡೆಯುತ್ತದೆ. ಮಗು ಕೇಕಿನ ಮೇಲಿನ ದೀಪ ಊದುವ ಹೊತ್ತಿಗೆ ಕೀಲಿ ಮುಗಿದರೆ ಮುಗಿಯಿತು. ಹಾಗಾಗಿ ಮನೆ ಸಿನಿಮಾ ತೆಗೆಯುವವರು ಎರಡು ಬಗೆ. ಸಿಕ್ಕದ್ದಕ್ಕೆಲ್ಲ ಕ್ಯಾಮೆರಾ ತಿರುಗಿಸುವವರು ಒಂದು ಬಗೆ. ಮೊದಲೇ ಕೂತು ಯಾವ ಚಿತ್ರ, ಯಾವ ಕ್ರಮ ಎಂದು ಬರೆದುಕೊಳ್ಳುವವರು ಇನ್ನೊಂದು. ಸ್ಟ್ಯಾಂಡ್ ಬಳಸಿ, ಕ್ಯಾಮೆರಾವನ್ನು ಗರಗರ ತಿರುಗಿಸಬೇಡಿ, ಶೀರ್ಷಿಕೆ ಬರೆಯಿರಿ, ಕಥೆ ಇರಲಿ ಎಂದು ಹವ್ಯಾಸಿ ಸಿನಿಮಾ ಪತ್ರಿಕೆಗಳು ಓದುಗರ ಬೆನ್ನು ಬಿದ್ದದ್ದು ಮೊದಲ ಬಗೆಯವರನ್ನು ಎರಡನೆಯ ಬಗೆಗೆ ತರಲಿಕ್ಕೇ.

ಬಾರ್‌ಸ್ಟೊ ಹುಟ್ಟಾ ಎರಡನೆಯ ಬಗೆಯವರು. 1936ರಲ್ಲಿ, ಹದಿನಾರರ ಹರೆಯದಲ್ಲಿ, ತಮ್ಮಂದಿರನ್ನೂ ಗೆಳೆಯರನ್ನೂ ಕಟ್ಟಿಕೊಂಡು ‘ಟಾರ್ಜನ್ ಅಂಡ್ ದ ರಾಕಿ ಗಾರ್ಜ್’ ಎಂಬ ಚಿತ್ರ ತೆಗೆದರು. ಜಾನಿ ವೈಸ್‌ಮುಲ್ಲರ್ 1932ರಲ್ಲಿ ಟಾರ್ಜನ್ ಆಗಿ ಬಳ್ಳಿ ಹಿಡಿದು ಜೀಕಿದ ಮೇಲೆ ಅಮೆರಿಕದ ಹುಡುಗರೆಲ್ಲ ಮರ ಹತ್ತಿ ಕೂಗು ಹಾಕುತ್ತಿದ್ದ ಕಾಲ. ಕನೆಕ್ಟಿಕಟ್‌ನ ಕಾಡೇ ಆಫ್ರಿಕಾ. ಚಿತ್ರ ಇವತ್ತು ನೋಡಿದರೂ ನಗು ತರಿಸುತ್ತದೆ, ಆದರೆ ಮಕ್ಕಳಾಟ ಎಂದು ತಳ್ಳಿಹಾಕುವಂತಿಲ್ಲ. ಅದರಲ್ಲಿ ಆರಂಭ, ಸಂಕಟ, ಬಿಡುಗಡೆ ಎಲ್ಲ ಇದೆ. ಅದೇ 1936ರಲ್ಲಿ ಮ್ಯಾಕ್ಸಿಮ್ ತೀರಿಕೊಂಡರು. ಅವರು ಕಟ್ಟಿದ ಲೀಗು 1954ರಲ್ಲಿ ಫೋಟೊಗ್ರಾಫಿಕ್ ಸೊಸೈಟಿ ಆಫ್ ಅಮೆರಿಕದೊಳಗೆ ಸೇರಿಹೋಯಿತು.

‘ಡಿಸ್ನಿಲ್ಯಾಂಡ್ ಡ್ರೀಮ್’ ಬಂದದ್ದು ಅದಾದ ಎರಡೇ ವರ್ಷಕ್ಕೆ. ಆ ಹೊತ್ತಿಗೆ ಬಾರ್‌ಸ್ಟೊ ಕೈ ಪಳಗಿತ್ತು. ಗೆದ್ದ ಸುದ್ದಿ ಬಂದ ದೃಶ್ಯವನ್ನೇ ನೋಡಿ. ಮನೆ ಮುಂದಿನ ಹುಲ್ಲುಹಾಸಿನಲ್ಲಿ ಮನೆಮಂದಿಯೆಲ್ಲ ನಿಂತಿದ್ದಾರೆ. ಸುದ್ದಿ ಕೇಳಿದ್ದೇ ತಡ ದೊಪ್ಪೆಂದು ಉರುಳುತ್ತಾರೆ. ಸಂತೋಷಕ್ಕೆ ಮೂರ್ಛೆ! ಮೂಕಿಚಿತ್ರದ ಹಾಸ್ಯನಟರು ಬೀಳುತ್ತಿದ್ದ ಹಾಗೆ, ಮುಖದಲ್ಲಿ ನಗು ತಡೆಯಲಾಗದ ಮಕ್ಕಳ ಬೀಳು. ಪ್ರವಾಸಕ್ಕೆಂದು ಹೆಂಡತಿ ಮೆಗ್ ಎಲ್ಲರಿಗೂ ಒಂದೇ ಥರದ ಡೇವಿ ಕ್ರಾಕೆಟ್ ಜಾಕೆಟ್ ಹೊಲಿದರು. ಡಿಸ್ನಿಯ ಟಿವಿ ಧಾರಾವಾಹಿಯಿಂದ ಡೇವಿ ಕ್ರಾಕೆಟ್ ಆಗ ಮನೆಮಾತು. ಆದರೆ ಈ ಸಮವಸ್ತ್ರದಿಂದ ಸಿನಿಮಾಕ್ಕೆ ಇನ್ನೊಂದು ಲಾಭವೂ ಆಯಿತು: ಸಾವಿರಾರು ಜನರ ಜಾತ್ರೆಯಲ್ಲೂ ಕ್ಯಾಮೆರಾಕ್ಕೆ ತನ್ನ ನಟರು ಎಲ್ಲಿದ್ದಾರೆಂದು ತಟ್ಟನೆ ಗೊತ್ತಾಗುತ್ತಿತ್ತು.

ಜುಲೈ ತಿಂಗಳಲ್ಲಿ ಹೊರಟರು. ಜೆಟ್ ವಿಮಾನಗಳು ಅಮೆರಿಕದ ಪ್ರಯಾಣಿಕರಿಗೆ ಇನ್ನೂ ಸಿಕ್ಕಿರಲಿಲ್ಲ; ಪ್ರೊಪೆಲರ್ ವಿಮಾನದಲ್ಲಿ ಇಡೀ ದೇಶ ದಾಟುವುದು. ಹಾಲಿವುಡ್, ಬೆವರ್ಲಿ ಹಿಲ್ಸ್, ಯೂನಿವರ್ಸಲ್ ಸ್ಟುಡಿಯೊ, ನಾಟ್ಸ್ ಬೆರ್ರಿ ಫಾರ್ಮ್, ಕ್ಯಾಟಲೀನ ದ್ವೀಪ ಎಲ್ಲ ಚಿತ್ರದಲ್ಲಿವೆ. ಡಿಸ್ನಿಲ್ಯಾಂಡಿನ ಮರಗಳು ಇನ್ನೂ ಎಳೆಯವು. ಈಗ ಅಲ್ಲಿಗೆ ಹೋಗುವವರು ನೋಡಲಾರದ ಡಿಸ್ನಿಲ್ಯಾಂಡ್ ಅದು. ಕೊಡಕ್ರೋಮಿನ ಕೆಂಪು, ನೀಲಿಗಳು ಮಾತ್ರ ಈಗಲೂ ಹಸಿ ಬಣ್ಣ ಬಳಿದಂತಿವೆ. ಕತ್ತಲಲ್ಲಿ ಇಟ್ಟರೆ ಆ ಫಿಲ್ಮಿನ ಬಣ್ಣ ಹತ್ತಾರು ವರ್ಷ ಮಾಸುವುದಿಲ್ಲ.

ಚಿತ್ರಕ್ಕೆ ಧ್ವನಿ ಇರಲಿಲ್ಲ. ಇದೊಂದು ಕೊರತೆ ಎಂದು ಈಗಿನವರಿಗೆ ಅನ್ನಿಸಬಹುದು. ಆದರೆ ಮನೆ ಸಿನಿಮಾದ ಜೀವ ಇದ್ದದ್ದೇ ಅಲ್ಲಿ. ಪ್ರೊಜೆಕ್ಟರ್ ಟಕಟಕ ಓಡುತ್ತಿರುವಾಗ ಅದನ್ನು ತೆಗೆದವರು ಪಕ್ಕದಲ್ಲೇ ನಿಂತು ಮಾತಾಡುತ್ತಾರೆ: ಇದು ಇಂಥ ಕಡೆ, ಇವನು ಆಗ ಹೀಗೆ ಮಾಡಿದ, ಈ ಕಡೆ ನೋಡಿ. ಕುಳಿತವರು ನಡುವೆ ಬಾಯಿ ಹಾಕುತ್ತಾರೆ, ಮಕ್ಕಳು ತಮ್ಮ ಹಳೇ ಮುಖ ಕಂಡು ನಾಚುತ್ತಾರೆ. ಬಾರ್‌ಸ್ಟೊ ದಶಕಗಳ ಕಾಲ ಹೀಗೆ ತಮ್ಮ ಚಿತ್ರಗಳಿಗೆ ತಾವೇ ಬಾಯಾದರು. 1995ರಲ್ಲಷ್ಟೇ ‘ಡಿಸ್ನಿಲ್ಯಾಂಡ್ ಡ್ರೀಮ್’ಗೆ ತಮ್ಮ ನಿರೂಪಣೆಯನ್ನು ಧ್ವನಿಮುದ್ರಿಸಿ ಸೇರಿಸಿದರು. ಇವತ್ತು ಚಿತ್ರ ನೋಡುವವರಿಗೆ ಕೇಳುವುದು ಎಪ್ಪತ್ತೈದರ ಮುದುಕರ ಧ್ವನಿ, ಕಾಣುವುದು ಮೂವತ್ತಾರರ ತಂದೆಯ ಕಣ್ಣು. ಆ ಧ್ವನಿಯಲ್ಲಿ ಒಂಚೂರೂ ವ್ಯಂಗ್ಯವಿಲ್ಲ, ತಮ್ಮ ಮನೆಯ ಕಥೆ ಊರಿಗೆಲ್ಲ ಬೇಕು ಎಂಬ ನಂಬಿಕೆ ಇದೆ. ಆ ನಂಬಿಕೆ ಇಲ್ಲದೆ ಯಾರೂ ಅರ್ಧ ಗಂಟೆಯ ಪ್ರವಾಸದ ಚಿತ್ರವನ್ನು ನೆರೆಹೊರೆಯವರಿಗೆ ತೋರಿಸಲಾರರು. ಅದಿಲ್ಲದ ಮನೆಗಳಲ್ಲಿ ದೀಪ ಆರಿಸಿದ ಹತ್ತು ನಿಮಿಷಕ್ಕೆ ನೆಂಟರು ಆಕಳಿಸುತ್ತಿದ್ದದ್ದೂ ಅಷ್ಟೇ ನಿಜ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮನೆ ಸಿನಿಮಾ ಸುಳ್ಳು ಹೇಳುವುದಿಲ್ಲ, ಆದರೆ ಬಹಳಷ್ಟನ್ನು ನೋಡುವುದಿಲ್ಲ. ಜ್ವರ, ಜಗಳ, ಸಾಲ, ಸಾವು ಯಾವುದಕ್ಕೂ ಯಾರೂ ಕ್ಯಾಮೆರಾ ತೆಗೆಯುವುದಿಲ್ಲ. ಬಾರ್‌ಸ್ಟೊ ಕುಟುಂಬ ಡಿಸ್ನಿಲ್ಯಾಂಡಿನಲ್ಲಿ ನಲಿದ ಅದೇ ಜುಲೈಯಲ್ಲಿ ಅಲಬಾಮಾದ ಮಾಂಟ್‌ಗೊಮೆರಿಯಲ್ಲಿ ಕರಿಯರು ಬಸ್ಸು ಹತ್ತದೆ ನಡೆದೇ ಕೆಲಸಕ್ಕೆ ಹೋಗುತ್ತಿದ್ದರು. ಬಹಿಷ್ಕಾರಕ್ಕೆ ಆಗ ಎಂಟನೇ ತಿಂಗಳು. ಚಿತ್ರದಲ್ಲಿ ಕಾಣುವ ಅಮೆರಿಕ ಹೆಚ್ಚುಕಡಿಮೆ ಪೂರಾ ಬಿಳಿಯದು. ಬಾರ್‌ಸ್ಟೊ ಅವರನ್ನು ದೂರುವುದಕ್ಕೆ ಈ ಮಾತಲ್ಲ. ಮುನ್ನೂರು ಡಾಲರಿನ ಆಟಿಕೆಯಾಗಿ ಹುಟ್ಟಿದ ಕ್ಯಾಮೆರಾ ಯಾರ ಅಂಗಳದಲ್ಲಿ ತಿರುಗಿತೋ ಆ ಅಂಗಳವೇ ಉಳಿಯಿತು.

ಇದಕ್ಕೆ ಎದುರಾಗಿ ಇನ್ನೊಂದು ಚಿತ್ರವಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಜಪಾನಿ ಮೂಲದ ತನ್ನದೇ ಪ್ರಜೆಗಳನ್ನು ಮನೆ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಹಾಕಿತು. ಕ್ಯಾಮೆರಾ ಇಟ್ಟುಕೊಳ್ಳುವುದು ನಿಷಿದ್ಧ. ಯೂಟಾ ರಾಜ್ಯದ ಟೋಪಾಜ್ ಶಿಬಿರದಲ್ಲಿದ್ದ ವ್ಯಾಪಾರಿ ಡೇವ್ ತತ್ಸುನೊ, ಶಿಬಿರದ ಅಧಿಕಾರಿಯೊಬ್ಬರ ನೆರವಿನಿಂದಲೇ ತಮ್ಮ 8 ಮಿ.ಮೀ. ಕ್ಯಾಮೆರಾವನ್ನು ಗುಟ್ಟಾಗಿ ಒಳಗೆ ತರಿಸಿಕೊಂಡರು. 1942ರಿಂದ 1945ರವರೆಗೆ ಕಾವಲುಗಾರರ ಕಣ್ಣು ತಪ್ಪಿಸಿ ಚಿತ್ರ ತೆಗೆದರು: ಧೂಳು, ಹಿಮ, ತರಕಾರಿ ಮಡಿ, ಹೊಸವರ್ಷಕ್ಕೆ ಮೋಚಿ ಎಂಬ ಅಕ್ಕಿಯ ತಿನಿಸು ಕುಟ್ಟುವುದು. ಕ್ಯಾಮೆರಾ ಕಂಡೊಡನೆ ಜನ ನಗುತ್ತಾರೆ, ಶಿಬಿರದಲ್ಲೂ ನಕ್ಕರು. ಆ ನಗುವನ್ನು ನೋಡಿ ಅಲ್ಲಿ ಸುಖವಿತ್ತೆಂದು ತಿಳಿಯಬೇಡಿ ಎಂಬರ್ಥದ ಮಾತನ್ನು ತತ್ಸುನೊ ಮುಂದೆ ಹೇಳಬೇಕಾಯಿತು. ‘ಟೋಪಾಜ್’ 1996ರಲ್ಲಿ ರಾಷ್ಟ್ರೀಯ ದಾಖಲೆಗೆ ಸೇರಿತು. ಅದಕ್ಕೂ ಎರಡು ವರ್ಷ ಮುಂಚೆ ಸೇರಿದ್ದು, ಡಲ್ಲಾಸ್‌ನ ಬಟ್ಟೆ ತಯಾರಕ ಏಬ್ರಹಾಂ ಜಪ್ರೂಡರ್ 1963ರ ನವೆಂಬರ್ 22ರಂದು ಅಧ್ಯಕ್ಷ ಕೆನೆಡಿ ಬರುವುದನ್ನು ಹಿಡಿಯಲು ಹೋಗಿ ಅವರ ಹತ್ಯೆಯನ್ನೇ ಹಿಡಿದ 26 ಸೆಕೆಂಡು. ಆ ಸುರುಳಿಯೂ ಮನೆ ಸಿನಿಮಾದ 8 ಮಿ.ಮೀ. ಫಿಲ್ಮೇ.

ಜಪ್ರೂಡರ್ ಚಿತ್ರ ಉಳಿದದ್ದು ಅದರ ಮುಂದೆ ನಡೆದ ಘಟನೆಯಿಂದ, ‘ಟೋಪಾಜ್’ ಉಳಿದದ್ದು ಅದನ್ನು ತೆಗೆದ ಧೈರ್ಯದಿಂದ. ಬರೀ ಕೈಚಳಕದಿಂದ ಉಳಿದವರೂ ಇದ್ದಾರೆ. ಸ್ಯಾನ್ ಡಿಯೇಗೊದ ಸಿಡ್ ಲ್ಯಾವರೆಂಟ್ಸ್ ಅಂಥವರು. 1908ರಲ್ಲಿ ಹುಟ್ಟಿದ ಈತ ಹರೆಯದಲ್ಲಿ ಒಬ್ಬನೇ ಹಲವು ವಾದ್ಯ ನುಡಿಸುವ ಆಟದವನಾಗಿ ವಾಡ್‌ವಿಲ್ ರಂಗದಲ್ಲಿ ತಿರುಗಿ, ಆಮೇಲೆ ವಿಮಾನ ಕಾರ್ಖಾನೆ ಸೇರಿ, ಐವತ್ತರ ವಯಸ್ಸಿನಲ್ಲಿ ಕ್ಯಾಮೆರಾ ಕೊಂಡವರು. ಊರಿನ ಹವ್ಯಾಸಿ ಸಿನಿಮಾ ಕ್ಲಬ್ಬಿನ ಸದಸ್ಯ. 1970ರ ‘ಮಲ್ಟಿಪಲ್ ಸಿಡೋಸಿಸ್’ನಲ್ಲಿ ಹೆಂಡತಿ ಕ್ರಿಸ್‌ಮಸ್ಸಿಗೆ ಟೇಪ್ ರೆಕಾರ್ಡರ್ ಕೊಡುತ್ತಾಳೆ, ಗಂಡ ‘ನೋಲಾ’ ಎಂಬ ಹಳೇ ರಾಗವನ್ನು ಒಂದೊಂದೇ ವಾದ್ಯದಲ್ಲಿ ನುಡಿಸಿ ಒಂದರ ಮೇಲೊಂದು ಮುದ್ರಿಸುತ್ತಾ ಹೋಗುತ್ತಾನೆ. ಬಾಂಜೋ, ಯುಕುಲೇಲಿ, ಸಿಳ್ಳೆ, ಕೊನೆಗೆ ಊದುವ ಬಾಟಲಿ. ಪರದೆಯ ಮೇಲೂ ಅಷ್ಟೇ ಮಂದಿ ಸಿಡ್‌ಗಳು ಬಂದು ಕೂರುತ್ತಾರೆ, ಒಬ್ಬನಿಗೆ ಗಡ್ಡ, ಇನ್ನೊಬ್ಬನಿಗೆ ಮಿಕ್ಕಿ ಮೌಸ್ ಕಿವಿ.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದನ್ನು ಮಾಡುವ ಬಗೆ ಒಂದೇ. ಲೆನ್ಸಿನ ಒಂದು ಭಾಗ ಬಿಟ್ಟು ಉಳಿದದ್ದನ್ನು ಕಪ್ಪು ರಟ್ಟಿನಿಂದ ಮುಚ್ಚಿ ಚಿತ್ರ ತೆಗೆಯಬೇಕು. ಫಿಲ್ಮನ್ನು ಚೌಕಟ್ಟು ಎಣಿಸುತ್ತ ಹಿಂದಕ್ಕೆ ಸುತ್ತಬೇಕು. ಇನ್ನೊಂದು ಭಾಗ ಬಿಟ್ಟು ಮತ್ತೆ ತೆಗೆಯಬೇಕು. ‘ಬಬ್ರುವಾಹನ’ದಲ್ಲಿ (1977) ರಾಜ್‌ಕುಮಾರ್ ಅರ್ಜುನನೂ ಬಬ್ರುವಾಹನನೂ ಆಗಿ ಎದುರುಬದುರು ನಿಂತದ್ದನ್ನು ಕಂಡು ಬೆರಗಾದ ಕನ್ನಡಿಗರಿಗೆ ಈ ಕಷ್ಟ ಅರ್ಥವಾಗುತ್ತದೆ. ಅಲ್ಲಿ ಛಾಯಾಗ್ರಾಹಕ ಎಸ್.ವಿ. ಶ್ರೀಕಾಂತ್, ಸಹಾಯಕರು, ಸ್ಟುಡಿಯೊ ಎಲ್ಲ ಇದ್ದವು. ಇಲ್ಲಿ ನಟ, ವಾದ್ಯಗಾರ, ಛಾಯಾಗ್ರಾಹಕ ಎಲ್ಲವೂ ಒಬ್ಬರೇ, ಹತ್ತನೇ ಸಿಡ್ ತಾಳ ತಪ್ಪಿದರೆ ಹಿಂದಿನ ಒಂಬತ್ತು ಸಿಡ್‌ಗಳೂ ಹಾಳು. 2000ನೇ ಇಸವಿಯಲ್ಲಿ ಅದೂ ರಾಷ್ಟ್ರೀಯ ದಾಖಲೆಗೆ ಸೇರಿತು. ಸಿಡ್ 2009ರ ಮೇ ತಿಂಗಳಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡರು.

ಸಿಡ್ ಅವರ ಕೈಚಳಕ ಬಾರ್‌ಸ್ಟೊ ಅವರಲ್ಲಿ ಇರಲಿಲ್ಲ. ತಂತ್ರದ ದೃಷ್ಟಿಯಿಂದ ನೋಡಿದರೆ ‘ಡಿಸ್ನಿಲ್ಯಾಂಡ್ ಡ್ರೀಮ್’ನಲ್ಲಿ ಬೆಚ್ಚಿಬೀಳಿಸುವಂಥದ್ದು ಏನೂ ಇಲ್ಲ. ಅವರ ಬಲವೇ ಬೇರೆ: ಬಿಡದೆ ತೆಗೆದರು, ತೆಗೆದದ್ದನ್ನು ಕತ್ತರಿಸಿ ಅಂಟಿಸಿ ಕಥೆ ಮಾಡಿದರು, ಮಾಡಿದ್ದನ್ನು ಜನರೆದುರು ತಂದರು. ಡಿಸ್ನಿಲ್ಯಾಂಡಿನ ನಂತರ ಹೆಂಡತಿ ಮಕ್ಕಳೊಂದಿಗೆ ಡೇರೆ ಹಾಕಿಕೊಂಡು ಭೂಖಂಡದ 48 ರಾಜ್ಯ ಸುತ್ತಿ ಅದನ್ನೂ ದೊಡ್ಡ ಚಿತ್ರ ಮಾಡಿದರು. 1974ರಲ್ಲಿ ತಿಮಿಂಗಿಲಗಳನ್ನು ಉಳಿಸುವ ಸಂಘ ಕಟ್ಟಿದರು. ಅದು ಮುಂದೆ ಸಿಟೇಶಿಯನ್ ಸೊಸೈಟಿ ಇಂಟರ್‌ನ್ಯಾಷನಲ್ ಆಯಿತು. ಮರುವರ್ಷವೇ ಕನೆಕ್ಟಿಕಟ್ ರಾಜ್ಯ ಸ್ಪರ್ಮ್ ತಿಮಿಂಗಿಲವನ್ನು ತನ್ನ ರಾಜ್ಯಪ್ರಾಣಿ ಎಂದು ಘೋಷಿಸಿತು.

ಅಷ್ಟರಲ್ಲಿ ಹವ್ಯಾಸದ ಸಲಕರಣೆಯೇ ಬದಲಾಗತೊಡಗಿತ್ತು. 1965ರಲ್ಲಿ ಬಂದ ಸೂಪರ್ 8 ಫಿಲ್ಮ್ ಹಾಕುವ ತಾಪತ್ರಯವನ್ನೇ ತಪ್ಪಿಸಿತು, ಕಾರ್ಟ್‌ರಿಜ್ ತುರುಕಿದರೆ ಸಾಕು. 1980ರ ದಶಕದಲ್ಲಿ ವಿಡಿಯೊ ಬಂತು, ಎರಡು ಗಂಟೆ ನಿಲ್ಲಿಸದೆ ಓಡಿಸಬಹುದು. ನಾಲ್ಕು ನಿಮಿಷದ ಸುರುಳಿ ಕಲಿಸಿದ್ದ ಬಿಗಿ ಅಲ್ಲಿಗೆ ಸಡಿಲವಾಯಿತು ಎಂದೇ ಹೇಳಬೇಕು. ನಮ್ಮೂರುಗಳ ಮನೆಗಳಿಗೆ ಸಿನಿಮಾ ಬಂದದ್ದು ಬಹುಮಟ್ಟಿಗೆ ಈ ಘಟ್ಟದಲ್ಲೇ, ಮದುವೆ ವಿಡಿಯೊ ಕ್ಯಾಸೆಟ್ಟಾಗಿ. ಕರಾವಳಿ, ಮಲೆನಾಡಿನ ಮಳೆಗಾಲ ಅವಕ್ಕೆ ಬಿಳಿ ಬೂಷ್ಟು ಹಿಡಿಸಿ ಎಷ್ಟೋ ಧಾರೆ, ನಾಗೋಲಿಗಳನ್ನು ಅಳಿಸಿಹಾಕಿದೆ. ಫಿಲ್ಮಿನ ರೋಗ ಬೇರೆ. ಅಸಿಟೇಟ್ ಕೆಡತೊಡಗಿದರೆ ವಿನೆಗರಿನ ವಾಸನೆ ಬರುತ್ತದೆ, ಪಟ್ಟಿ ಕುಗ್ಗುತ್ತದೆ, ಸುರುಳುತ್ತದೆ, ಪ್ರೊಜೆಕ್ಟರಿನ ಹಲ್ಲಿಗೆ ತೂತು ಕೂಡುವುದಿಲ್ಲ.

ಅಟ್ಟ, ನೆಲಮಾಳಿಗೆಗಳಲ್ಲಿ ಹೀಗೆ ಕೆಡುತ್ತಿದ್ದ ಸುರುಳಿಗಳಿಗಾಗಿ ಅಮೆರಿಕದ ಕೆಲವು ಫಿಲ್ಮ್ ಸಂರಕ್ಷಕರು ‘ಹೋಂ ಮೂವಿ ಡೇ’ ಎಂಬುದನ್ನು ಹುಟ್ಟುಹಾಕಿದರು. ಮೊದಲನೆಯದು 2003ರ ಆಗಸ್ಟಿನಲ್ಲಿ ಹಲವು ಊರುಗಳಲ್ಲಿ ಏಕಕಾಲಕ್ಕೆ ನಡೆಯಿತು. ಜನ ತಮ್ಮ ಮನೆಯ ಡಬ್ಬಿಗಳನ್ನು ತರುತ್ತಾರೆ. ಬಾಗಿಲ ಬಳಿಯ ಮೇಜಿನಲ್ಲಿ ಒಬ್ಬರು ಮುಚ್ಚಳ ತೆಗೆದು ಮೊದಲು ಮೂಸುತ್ತಾರೆ. ಆಮೇಲೆ ಹತ್ತಿಯ ಕೈಗವಸು ತೊಟ್ಟು ಪಟ್ಟಿಯ ಅಂಚನ್ನು ಬೆರಳ ನಡುವೆ ಹಾಯಿಸುತ್ತಾರೆ, ಎಲ್ಲಿ ಹರಿದಿದೆ, ಎಲ್ಲಿ ಹಳೇ ಅಂಟು ಬಿಟ್ಟಿದೆ ಎಂದು. ಕೊಡಕ್ ಫಿಲ್ಮಾದರೆ ಅಂಚಿನಲ್ಲಿ ಪುಟಾಣಿ ವೃತ್ತ, ಚೌಕ, ತ್ರಿಕೋನದ ಗುರುತುಗಳಿರುತ್ತವೆ. ಅವುಗಳಿಂದ ಅದು ತಯಾರಾದ ವರ್ಷ ಹೇಳಬಹುದು. ಆದರೆ ಗುರುತುಗಳು ಇಪ್ಪತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. 1936ರ ಫಿಲ್ಮಿಗೂ 1956ರದಕ್ಕೂ ಒಂದೇ ಗುರುತು. ಆಗ ಭೂತಗನ್ನಡಿ ಹಿಡಿದು ಚಿತ್ರದೊಳಗಿನ ಕಾರು ಯಾವುದು, ಲಂಗ ಎಷ್ಟುದ್ದ ಎಂದು ನೋಡುವುದು. ಪರೀಕ್ಷೆ ಪಾಸಾದ ಸುರುಳಿ ಪರದೆಗೆ ಏರುತ್ತದೆ, ತಂದವರು ಎದ್ದು ನಿಂತು ವಿವರ ಹೇಳುತ್ತಾರೆ. ಬಾರ್‌ಸ್ಟೊ ಅಂಥವರಿಗೆ ಇದು ತಾವು ಎಪ್ಪತ್ತು ವರ್ಷದಿಂದ ಮಾಡುತ್ತಿದ್ದದ್ದನ್ನೇ ಲೋಕ ತಡವಾಗಿ ಕಲಿತಂತೆ. ಹೋಂ ಮೂವಿ ಡೇಯಲ್ಲಿ ಅವರು ಉತ್ಸಾಹದಿಂದ ಪಾಲ್ಗೊಂಡರು, ಸಂರಕ್ಷಕರ ಪರಿಚಯವಾಯಿತು, ಅವರ ಚಿತ್ರಗಳಿಗೆ ಊರಾಚೆಯ ನೋಡುಗರು ಸಿಕ್ಕರು.

ಹಾಗೆ ಸಿಕ್ಕ ನೋಡುಗರಲ್ಲಿ ಒಬ್ಬರು ಹಾಸ್ಯನಟ ಸ್ಟೀವ್ ಮಾರ್ಟಿನ್. ಚಿತ್ರ ನೋಡಿ ಬಾರ್‌ಸ್ಟೊ ಅವರಿಗೆ ಪತ್ರ ಬರೆದರು. ತಾವು ಹುಡುಗನಾಗಿದ್ದಾಗ ಡಿಸ್ನಿಲ್ಯಾಂಡಿನಲ್ಲಿ ಗೈಡ್ ಪುಸ್ತಕ ಮಾರುತ್ತಿದ್ದದ್ದಾಗಿಯೂ, ಚಿತ್ರದ ಇಪ್ಪತ್ತು ನಿಮಿಷ ಇಪ್ಪತ್ತು ಸೆಕೆಂಡಿನ ಸುಮಾರಿಗೆ ಪರದೆಯ ಕೆಳಭಾಗದಲ್ಲಿ ಎಡದಿಂದ ಬಲಕ್ಕೆ ಹಾದುಹೋಗುವ ಹುಡುಗ ತಾವೇ ಎಂಬುದಾಗಿಯೂ ಅದರಲ್ಲಿತ್ತು. ಟಾಪ್ ಹ್ಯಾಟು, ಗುಲಾಬಿ ಗೆರೆಯ ಅಂಗಿ, ಮುಂಚಾಚಿದ ಕೈಯಲ್ಲಿ ಪುಸ್ತಕ. ಬಾರ್‌ಸ್ಟೊ ಆ ಹುಡುಗನನ್ನು ಚಿತ್ರೀಕರಿಸಿರಲೇ ಇಲ್ಲ. ಅವರ ಕಣ್ಣಿದ್ದದ್ದು ಜಾಕೆಟ್ ತೊಟ್ಟ ತಮ್ಮ ಮಕ್ಕಳ ಮೇಲೆ. ಚರಿತ್ರಕಾರರು ಈಗ ಇಂಥ ಚಿತ್ರಗಳಲ್ಲಿ ಹುಡುಕುವುದು ಹೆಚ್ಚಾಗಿ ಅಂಚನ್ನೇ: ಹಿನ್ನೆಲೆಯ ಅಂಗಡಿ, ಬೋರ್ಡು, ಬಟ್ಟೆ, ದಾರಿಹೋಕರು. ಆದರೆ ಮಧ್ಯದಲ್ಲಿ ಅಪ್ಪನಿಗೆ ತನ್ನ ಮಕ್ಕಳು ಕಾಣದೆ ಇದ್ದಿದ್ದರೆ ಕ್ಯಾಮೆರಾ ಅಲ್ಲಿ ತಿರುಗುತ್ತಲೇ ಇರಲಿಲ್ಲ, ಅಂಚೂ ಸಿಗುತ್ತಿರಲಿಲ್ಲ.

ಬಾರ್‌ಸ್ಟೊ 2010ರ ನವೆಂಬರ್ 7ರಂದು, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಮುಂದಿನ ತಿಂಗಳು 30ರಂದು, ಜಗತ್ತಿನಲ್ಲಿ ಕೊಡಕ್ರೋಮ್ ತೊಳೆಯುತ್ತಿದ್ದ ಕೊನೆಯ ಲ್ಯಾಬು, ಕ್ಯಾನ್ಸಾಸ್ ರಾಜ್ಯದ ಡ್ವೇಯ್ನ್ಸ್ ಫೋಟೊ, ಹೊಸ ಸುರುಳಿ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ತಿಂಗಳ ಕೊನೆಯ ದಿನಗಳಲ್ಲಿ ಅಲ್ಲಿಗೆ ಜನ ವರ್ಷಗಟ್ಟಲೆ ಕೂಡಿಟ್ಟ ಸುರುಳಿಗಳನ್ನು ಹೊತ್ತು ತಂದರು.

ರಾಷ್ಟ್ರೀಯ ದಾಖಲೆಗೆ ಮನೆ ಸಿನಿಮಾಗಳು ಆಮೇಲೂ ಸೇರುತ್ತಿವೆ, ‘ಡಿಸ್ನಿಲ್ಯಾಂಡ್ ಡ್ರೀಮ್’ನಲ್ಲಿ ಕಾಣದ ಅಂಗಳಗಳೂ ಅವುಗಳಲ್ಲಿವೆ. 2011ರಲ್ಲಿ ಕರಿಯ ನೃತ್ಯಪಟುಗಳಾದ ನಿಕೊಲಸ್ ಸೋದರರ ಮನೆಯ ಚಿತ್ರಗಳು ಸೇರಿದವು. 2016ರಲ್ಲಿ ಸೇರಿದ್ದು ರೆವರೆಂಡ್ ಸಾಲಮನ್ ಸರ್ ಜೋನ್ಸ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ 1924ರಿಂದ 1928ರ ನಡುವೆ ತೆಗೆದ 29 ಮೂಕಿ ಚಿತ್ರಗಳು. ಓಕ್ಲಹೋಮಾದ ಕರಿಯರ ಊರುಗಳ ಅಂಗಡಿ, ಶಾಲೆ, ಚರ್ಚು, ಮೆರವಣಿಗೆಗಳೆಲ್ಲ ಅವುಗಳಲ್ಲಿವೆ. 2017ರಲ್ಲಿ ಟೆಕ್ಸಸ್‌ನ ಕಾರ್ಪಸ್ ಕ್ರಿಸ್ಟಿಯ ಫ್ವೆಂಟೆಸ್ ಎಂಬ ಮೆಕ್ಸಿಕನ್ ಮೂಲದ ಕುಟುಂಬ 1920, 30ರ ದಶಕಗಳಲ್ಲಿ ತೆಗೆದ ಸುರುಳಿಗಳು ಬಂದವು. ಅವುಗಳಲ್ಲಿ ಕೆಲವು ಪಾಥೆಯ ಆ 9.5 ಮಿ.ಮೀ. ಫಿಲ್ಮಿನವು, ನಡುವೆ ಒಂದೇ ಸಾಲು ತೂತಿನವು.